ನಾಲ್ಕು ಹತ್ತರ ವಂಡ್ಸೆ ಬಸ್ಸು

ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಶೇಖರಣ್ಣ ಇಪ್ಪತ್ತು ವರ್ಷ ಟೈಮ್ ಕೀಪರ್ ಆಗಿದ್ದ. ಈ ಕೆಲಸ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಖಾಸಗಿ ಬಸ್ಸುಗಳಿಗೆ ಇಂತಿಷ್ಟು ಗಂಟೆ ಇಂತಿಷ್ಟು ನಿಮಿಷ ಎಂದು ಹೊರಡುವ ಸಮಯ ಇರುತ್ತದೆ. ಟೈಮ್ ಕೀಪರ್ ಊರುಗಳ ಹೆಸರು ಕೂಗಿ ಜನ ಹತ್ತಿಸುತ್ತಾನೆ, ಬಸ್ಸು ಹೊರಟ ನಿಮಿಷವನ್ನು ಪುಸ್ತಕದಲ್ಲಿ ಬರೆಯುತ್ತಾನೆ. ಅವನು ಕೂಗದೆ ಬಸ್ಸು ಹೊರಡುವ ಹಾಗಿಲ್ಲ. ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಹಿಡಿಯುತ್ತಾನೆ, ಎರಡು ನಿಮಿಷ ತಡವಾದರೆ ಇಳಿದು ಬರುತ್ತಾನೆ, ಮೂರು ನಿಮಿಷವಾದರೆ ಅಂಗಿಯ ಕಾಲರಿಗೆ ಕೈ ಹಾಕುತ್ತಾನೆ. ಇಂಥ ಜಾಗದಲ್ಲಿ ಶೇಖರಣ್ಣನ ಅಂಗಿಗೆ ಇಪ್ಪತ್ತು ವರ್ಷ ಯಾರೂ ಕೈ ಹಾಕಲಿಲ್ಲ. ಏಕೆಂದರೆ ಅವನು ಯಾವತ್ತೂ ನಿಮಿಷ ತಿದ್ದಿ ಬರೆದವನಲ್ಲ.

ಅವನ ತಂಗಿ ಸರೋಜಳ ಮದುವೆಯ ದಿಬ್ಬಣ ಹೊರಟದ್ದು ಇದೇ ಸ್ಟ್ಯಾಂಡಿನಿಂದ, ಬಾಡಿಗೆ ಬಸ್ಸಿನಲ್ಲಿ. ಹೂವಿನ ಮಾಲೆ ಮರೆತುಬಂದು ಎರಡು ನಿಮಿಷ ತಡವಾಯಿತು. ಹೊಸ ಅಂಗಿ ಹಾಕಿಕೊಂಡು ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಶೇಖರಣ್ಣ ಇಳಿದುಬಂದು, ಪುಸ್ತಕ ತೆಗೆದು, ಎರಡು ನಿಮಿಷ ತಡ ಎಂದು ಬರೆದು, ಮತ್ತೆ ಹತ್ತಿದ. ಮದುಮಗಳು ಹೆಮ್ಮಾಡಿಯವರೆಗೆ ಅವನ ಹತ್ತಿರ ಮಾತಾಡಲಿಲ್ಲವಂತೆ.

ನಾನು ಗಿರಿಜಾ. ಐಟಿಐಯಲ್ಲಿ ರೇಡಿಯೋ ಟಿವಿ ಕೆಲಸ ಕಲಿತವಳು. ತೊಂಬತ್ತೇಳರಲ್ಲಿ ಶೇಖರಣ್ಣನ ಟೇಬಲಿನ ಹಿಂದೆಯೇ ಒಂದು ಎಸ್‌ಟಿಡಿ ಬೂತ್ ಹಾಕಿದೆ, ಪಕ್ಕದಲ್ಲಿ ಟಿವಿ ರಿಪೇರಿ. ಆಗೆಲ್ಲ ಟಿವಿ ಹೊತ್ತುಕೊಂಡು ಬಂದವರು ನನ್ನನ್ನು ನೋಡಿ, "ಮೆಕ್ಯಾನಿಕ್ ಎಲ್ಲ್ ಹೋಯ್ರ್?" ಎಂದು ಕೇಳುತ್ತಿದ್ದರು. ಊಟಕ್ಕೆ ಹೋಗಿದ್ದಾರೆ, ಬರುವುದು ನಾಳೆ ಎಂದು ಹೇಳಿ ಕಳಿಸುತ್ತಿದ್ದೆ. ಮರುದಿನ ಟಿವಿ ಸರಿಯಾಗಿರುತ್ತಿತ್ತು. ಮೆಕ್ಯಾನಿಕ್ ಯಾರೆಂದು ಊರಿಗೆ ತಿಳಿಯಲು ಎರಡು ವರ್ಷ ಬೇಕಾಯಿತು.

ಬೂತಿನಲ್ಲಿ ನನಗಿದ್ದ ದೊಡ್ಡ ಕಷ್ಟ ಶೇಖರಣ್ಣನ ಗಂಟಲು. ಮುಂಬಯಿಗೆ ಫೋನ್ ಹಚ್ಚಿದವರಿಗೆ ಆಚೆಯ ಮಾತು ಕೇಳುತ್ತಿರಲಿಲ್ಲ. ಗಾಜಿನ ಬಾಗಿಲು ಮುಚ್ಚಿದರೂ, "ತಲ್ಲೂರು ಹೆಮ್ಮಾಡಿ ವಂಡ್ಸೇ... ಚಿತ್ತೂರು ಜಡ್ಕಲ್ ಕೊಲ್ಲೂರ್ ಕೊಲ್ಲೂರ್ ಕೊಲ್ಲೂರ್" ಒಳಗೆ ಬರುತ್ತಿತ್ತು. ವಂಡ್ಸೆ ಅವನ ಊರು, ಅದನ್ನು ಮಾತ್ರ ಸ್ವಲ್ಪ ಎಳೆದು ಕೂಗುತ್ತಿದ್ದ. ಒಂದು ದಿನ ಹೊರಗೆ ಬಂದು ಜಗಳವೇ ಆಡಿದೆ. ಅವನು ಬಾಯಿಗೆ ಕೈ ಅಡ್ಡ ಹಿಡಿದು, "ಸಣ್ಕ್ ಕೂಗ್ರೆ ಜನ ಹತ್ತುದಿಲ್ಲೆ ಗಿರಿಜ, ನಿನ್ನ್ ಫೋನೇ ಹೊರ್ಗ್ ತಕಂಡ್ ಹೋಗ್" ಎಂದ. ಅಷ್ಟರಲ್ಲಿ ಬೂತಿನಲ್ಲಿದ್ದ ಹೆಂಗಸು ಬಾಗಿಲು ತೆರೆದು ರಿಸೀವರನ್ನು ಹೊರಗೆ ಚಾಚಿದಳು. ಮುಂಬಯಿಯ ಹೋಟೆಲಿನಲ್ಲಿದ್ದ ಅವಳ ಗಂಡ, ಆ ಕೂಗು ಇನ್ನೊಂದು ಸಲ ಕೇಳಿಸು ಎಂದನಂತೆ. ಆಮೇಲೆ ಇದು ಅಭ್ಯಾಸವಾಯಿತು. ಮದುವೆಯಾಗಿ ಮುಂಬಯಿ ಸೇರಿದ್ದ ಸರೋಜಕ್ಕ ವಾರಕ್ಕೊಮ್ಮೆ ನನಗೆ ಫೋನ್ ಮಾಡಿ ಅಣ್ಣನನ್ನು ಕರೆಸುವ ಬದಲು, "ನಾಲ್ಕ್ ಹತ್ತಕ್ಕೆ ಒಂದ್ಗಳಿಗಿ ಹೊರ್ಗ್ ಹಿಡಿ" ಎನ್ನುತ್ತಿದ್ದಳು. ಹಿಡಿಯುತ್ತಿದ್ದೆ. ನನಗೂ ಬೇರೆ ಕೆಲಸ ಇತ್ತು, ಆದರೂ ಹಿಡಿಯುತ್ತಿದ್ದೆ.

ಎರಡು ಸಾವಿರದ ಎಂಟರಲ್ಲಿ ಶೇಖರಣ್ಣನ ಸ್ವರ ಒಡೆಯಿತು. ಮೊದಲು ಥಂಡಿ ಎಂದರು, ಆಮೇಲೆ ಕೂಗಿ ಕೂಗಿ ಹೀಗಾಗಿದೆ ಎಂದರು, ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು. ಗಂಟಲು ಕೊಯ್ದು ಸ್ವರದ ಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯ ಕೆಳಗೆ ಉಸಿರಾಡಲು ಒಂದು ತೂತು, ಅದಕ್ಕೆ ಬಿಳಿ ಬಟ್ಟೆಯ ಪರದೆ. ಜೀವ ಉಳಿಯಿತು. ಮನೆಯಲ್ಲಿ ಮೆಲ್ಲಗೆ ಮಾತಾಡಿ ಎಂದು ಇಪ್ಪತ್ತು ವರ್ಷ ಬೈದಿದ್ದ ಅವನ ಹೆಂಡತಿ ಗುಲಾಬಿ ಈಗ ಇಡೀ ದಿನ ರೇಡಿಯೋ ಹಾಕಿಡುತ್ತಾಳೆ ಎಂದು ಕೇಳಿದೆ. ನನಗೆ ಬಹಳ ಬೇಸರವಾಯಿತು. ಬೇಸರವಾದಾಗ ನಾನು ಗಿರಾಕಿಗಳಿಗೆ ಬೈಯುತ್ತೇನೆ, ಆ ತಿಂಗಳು ಬಹಳ ಜನ ಬೈಸಿಕೊಂಡರು.

ಮೂರು ತಿಂಗಳಿಗೆ ಶೇಖರಣ್ಣ ಟೇಬಲಿಗೆ ಮರಳಿದ. ಪುಸ್ತಕ ಬರೆಯುವುದು ಅವನು, ಕೂಗುವುದು ಆಯಾ ಬಸ್ಸಿನ ಕಂಡಕ್ಟರು. ವಂಡ್ಸೆ ಬಸ್ಸಿನ ಕಂಡಕ್ಟರ್ ಕಿಟ್ಟ ತನ್ನ ಬಸ್ಸನ್ನು ಐದು ನಿಮಿಷ ಮೊದಲೇ ಕೂಗತೊಡಗಿದ, ಬೈಂದೂರಿನವನು ಅದಕ್ಕೂ ಮೊದಲು ಶುರು ಮಾಡಿದ. ವಾರದಲ್ಲಿ ಎರಡು ಕಾಲರು ಹರಿದವು. ಬಸ್ ಮಾಲಕರ ಪರವಾಗಿ ಸ್ಟ್ಯಾಂಡು ನೋಡಿಕೊಳ್ಳುತ್ತಿದ್ದ ರತ್ನಾಕರ ಶೆಟ್ಟರು ಕೆಟ್ಟವರಲ್ಲ. ಆದರೆ ಕೂಗದ ಟೈಮ್ ಕೀಪರನ್ನು ಎಷ್ಟು ದಿನ ಇಟ್ಟುಕೊಳ್ಳುವುದು ಎಂದು ಅವರ ಮುಖದಲ್ಲೇ ಬರೆದಿತ್ತು. ಆ ಟೇಬಲ್ ಬಿಟ್ಟರೆ ಶೇಖರಣ್ಣನಿಗೆ ಬೇರೆ ಏನೂ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆಗ ಸರೋಜಕ್ಕನ ಪಾರ್ಸೆಲ್ ಬಂತು, ಎರಡು ಸಾವಿರದ ಒಂಬತ್ತರ ಮಾರ್ಚಿನಲ್ಲಿ, ಮುಂಬಯಿ ಬಸ್ಸಿನಲ್ಲಿ. ಒಳಗೆ ಎರಡು ವಸ್ತು. ಒಂದು ಹಳೆಯ ಲ್ಯಾಪ್‌ಟಾಪ್. ಅವಳ ಗಂಡನ ಹೋಟೆಲಿಗೆ ದಿನಾ ಬರುವ ಆಫೀಸಿನವನೊಬ್ಬ ಹೊಸದು ಕೊಂಡು ಇದನ್ನು ಅಲ್ಲೇ ಬಿಟ್ಟಿದ್ದನಂತೆ. ಅಣ್ಣ ಇದರಲ್ಲಿ ಬರೆದು ತೋರಿಸಲಿ ಎಂದು ಕಳಿಸಿದ್ದಳು. ಇನ್ನೊಂದು, ಉದ್ದ ಸರಪಳಿಗೆ ಪೋಣಿಸಿದ ಕಪ್ಪು ಅಯಸ್ಕಾಂತದ ಪದಕ. ಮನೆಮನೆಗೆ ಬಂದು ಮಾರುವ ಕಂಪನಿಯದು. ಎದೆಯ ಮೇಲೆ ಹೊರಗೆ ತೂಗಬೇಕು, ಆರು ತಿಂಗಳು ತೆಗೆಯಬಾರದು, ಹೋದ ಸ್ವರ ಬರುತ್ತದೆ ಎಂದು ಜೊತೆಗಿದ್ದ ಚೀಟಿಯಲ್ಲಿ ಅಚ್ಚು ಹಾಕಿಸಿದ್ದರು. ಇಲ್ಲದ ಪೆಟ್ಟಿಗೆಯಿಂದ ಸ್ವರ ಹೇಗೆ ಬರುತ್ತದೆ ಎಂದು ನಾನು ಕೇಳಲು ಹೊರಟಿದ್ದೆ. ಶೇಖರಣ್ಣ ಅದನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಹಾಕಿದ. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಅಂಗಡಿಗೆ ಹೋದೆ.

ಲ್ಯಾಪ್‌ಟಾಪಿನಲ್ಲಿದ್ದ ವಿಂಡೋಸ್ ಕೆಟ್ಟಿತ್ತು. ಅಷ್ಟು ಹೊತ್ತಿಗೆ ಬೂತು ಹೋಗಿ ನಾನು ಕಂಪ್ಯೂಟರ್ ರಿಪೇರಿಗೆ ಇಳಿದಿದ್ದೆ. ಪತ್ರಿಕೆಯೊಂದರ ಜೊತೆ ಬಂದ ಸೀಡಿಯಿಂದ ಲಿನಕ್ಸ್ ಹಾಕಿದೆ. ಅದರಲ್ಲಿ ಬರೆದದ್ದನ್ನು ಓದಿ ಹೇಳುವ ಪ್ರೋಗ್ರಾಮು ಒಂದಿತ್ತು, ಕನ್ನಡವೂ ಬರುತ್ತಿತ್ತು. ಬರುತ್ತಿತ್ತು ಎಂದರೆ, ಪರದೇಶದವರು ಮೂಗು ಕಟ್ಟಿಕೊಂಡು ಮಾತಾಡಿದ ಹಾಗೆ ಬರುತ್ತಿತ್ತು. ಅದನ್ನು ಕೇಳಿದ ಕೂಡಲೇ ನನಗೆ ಉಪಾಯ ಹೊಳೆಯಿತು. ಕೀಬೋರ್ಡಿನ ಮೇಲಿನ ಸಾಲಿನ ಒಂದೊಂದು ಕೀಲಿಗೆ ಒಂದೊಂದು ಬಸ್ಸಿನ ಕೂಗು ತುಂಬಿಸಿ, ಕಾಗದದ ಚೀಟಿ ಅಂಟಿಸಿದೆ: ಬೈಂದೂರು, ಶಿರೂರು, ಬ್ರಹ್ಮಾವರ, ಬಾರ್ಕೂರು, ವಂಡ್ಸೆ. ಬೇರೆ ಏನಾದರೂ ಹೇಳಬೇಕಾದರೆ ಟೈಪ್ ಮಾಡಿ ಎಂಟರ್ ಒತ್ತಬೇಕು. ಒಂದು ಆಂಪ್ಲಿಫಯರ್, ಕಂಬದ ಮೇಲೆ ಒಂದು ಹಾರ್ನು ಸ್ಪೀಕರು, ನನ್ನ ಅಂಗಡಿಯ ಯುಪಿಎಸ್‌ನಿಂದ ಟೇಬಲಿಗೆ ಒಂದು ವಯರು. ಶೇಖರಣ್ಣ ಎರಡು ವಾರದಲ್ಲಿ ಒಂದು ಬೆರಳಿನಲ್ಲಿ ಕನ್ನಡ ಟೈಪಿಂಗ್ ಕಲಿತ.

ಮೊದಲ ದಿನ ಹಾರ್ನು "ವಂಡೂಸೇ" ಎಂದಾಗ ಇಡೀ ಸ್ಟ್ಯಾಂಡು ನಕ್ಕಿತು. ಎರಡನೆಯ ದಿನ ಅರ್ಧ ಸ್ಟ್ಯಾಂಡು ನಕ್ಕಿತು. ಮೂರನೆಯ ದಿನ ಜನ ಅದು ಕೂಗಿದ ಕೂಡಲೇ ಚೀಲ ಎತ್ತಿಕೊಂಡು ಬಸ್ಸು ಹತ್ತಿದರು. ಶೆಟ್ಟರು ಕೂಡ ನೋಡಿ ತಲೆಯಾಡಿಸಿದರು. ನಾಲ್ಕನೆಯ ದಿನ ಮಧ್ಯಾಹ್ನ ಮೇಲೆ ನಾಲ್ಕು ಎಂಟಕ್ಕೆ ಲ್ಯಾಪ್‌ಟಾಪ್ ಕಪ್ಪಾಯಿತು.

ಕಿಟ್ಟ ಓಡಿ ಬಂದ. "ಹ್ವಾಯ್ ಗಿರಿಜಕ್ಕ, ನಿಮ್ಮ್ ಪೆಟ್ಟಿಗಿ ಮನಿಕಂಡಿತ್, ಎಬ್ಬ್ಸುಕೆ ಬನ್ನಿ!"

ಪರದೆ ಕಪ್ಪು, ಒಳಗೆ ಫ್ಯಾನ್ ತಿರುಗುವ ಸದ್ದು ಮಾತ್ರ. ಮಲಗಿದ್ದು ನಿಜ, ಎಬ್ಬಿಸಿದರೆ ಏಳುತ್ತದೆ, ಆದರೆ ಕಣ್ಣು ಬಿಡುವುದಿಲ್ಲ. ಗುಂಡಿ ಒತ್ತಿ ಹಿಡಿದು ಪೂರ್ತಿ ಆರಿಸಿ ಮತ್ತೆ ಶುರು ಮಾಡಲು ಮೂರು ನಿಮಿಷ. ಮೂರು ನಿಮಿಷಕ್ಕೆ ಏನಾಗುತ್ತದೆಂದು ಮೊದಲೇ ಹೇಳಿದ್ದೇನೆ. ಆ ದಿನ ಹರಿದದ್ದು ಕಿಟ್ಟನ ಅಂಗಿ.

ಇದು ಸುಲಭದ ರಿಪೇರಿ ಎಂದುಕೊಂಡೆ. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ಆರಿಸು ಎಂಬ ಆಯ್ಕೆ ಇರುತ್ತದೆ, ಅದನ್ನು ತೆಗೆದೆ. ಅರ್ಧ ಗಂಟೆಗೆ ಮಲಗು ಎಂಬುದನ್ನೂ ತೆಗೆದೆ. ಪರದೆಯ ಕರೆಂಟು ಉಳಿಸುವ ಇನ್ನೊಂದು ಏರ್ಪಾಡು ಬೇರೆಯೇ ಕಡೆ ಅಡಗಿತ್ತು, ಅದನ್ನೂ ಹುಡುಕಿ ಆರಿಸಿದೆ. ಅಂಗಡಿಯಲ್ಲಿ ಎರಡು ದಿನ ಹಚ್ಚಿಟ್ಟೆ. ಕಣ್ಣು ಮುಚ್ಚಲಿಲ್ಲ. ಟೇಬಲಿಗೆ ಕೊಟ್ಟೆ. ಮರುದಿನ ನಾಲ್ಕು ಒಂಬತ್ತಕ್ಕೆ ಮಲಗಿತು.

ಬೆಳಿಗ್ಗೆ ಎಂದೂ ಇಲ್ಲ, ನಾಲ್ಕರ ಆಸುಪಾಸಿಗೆ ಮಾತ್ರ. ಆ ಹೊತ್ತಿಗೆ ಪಡುವಣ ಬಿಸಿಲು ತಗಡಿನ ಅಡಿಯಿಂದ ನೇರ ಟೇಬಲಿಗೆ ಬರುತ್ತದೆ. ಸೆಖೆಗೆ ಹೀಗೆ ಎಂದು ತೀರ್ಮಾನಿಸಿ ಅಡಿಗೆ ಫ್ಯಾನ್ ಇಟ್ಟೆ. ಬಿಸಿ ಎಷ್ಟೆಂದು ಲಿನಕ್ಸೇ ಹೇಳುತ್ತದೆ, ಅರವತ್ತೊಂದು ಡಿಗ್ರಿ, ಏನೂ ದೋಷವಿಲ್ಲ. ಆದರೂ ಮಲಗಿತು. ನಾಲ್ಕು ಗಂಟೆಗೆ ಕರೆಂಟೂ ಹೋಗುತ್ತಿತ್ತು, ಯುಪಿಎಸ್ ದೋಷ ಎಂದು ಹೊಸ ಬ್ಯಾಟರಿ ಹಾಕಿದೆ. ಮಲಗಿತು. ಇಂಟರ್ನೆಟ್ಟಿನಲ್ಲಿ ಬ್ರೆಜಿಲಿನ ಒಬ್ಬನಿಗೆ ಇದೇ ತೊಂದರೆ, ಅವನು ಹೇಳಿದಂತೆ ಪವರ್ ನೋಡಿಕೊಳ್ಳುವ ಭಾಗವನ್ನೇ ಆಫ್ ಮಾಡಿ ಹೊತ್ತಿಸಿದೆ. ಫ್ಯಾನ್ ತಿರುಗುವುದೇ ನಿಂತಿತು, ಕೀಲಿಯ ಮೇಲೆ ಬೆರಳು ಇಡಲಾಗಲಿಲ್ಲ. ಬ್ರೆಜಿಲಿನವನು ಆಮೇಲೆ ಏನಾದನೋ, ಮತ್ತೇನೂ ಬರೆದಿರಲಿಲ್ಲ.

ಕಿಟ್ಟ ತನ್ನ ಬಸ್ಸಿಗೆ ಕಟ್ಟುವ ಹಾಗೆ ಲ್ಯಾಪ್‌ಟಾಪಿಗೂ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ಎರಡನೆಯ ದಿನ ಲಿಂಬೆಯ ರಸ ಕೀಲಿಗಳ ಮೇಲೆ ಇಳಿದು ಬಾರ್ಕೂರು ಒತ್ತಿದರೆ ಬಾರ್ಕೂರು ನಾಲ್ಕು ಸಲ ಕೂಗತೊಡಗಿತು. ಅವನಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಸೋಮವಾರ ಶೆಟ್ಟರು ಅಂಗಡಿಗೆ ಬಂದರು. ಕೂರಲಿಲ್ಲ. "ಗಿರಿಜ, ಶೇಖರನ್ನ್ ತೆಗುಕೆ ನಂಗ್ ಮನ್ಸಿಲ್ಲೆ. ಆರೆ ದಿನಾ ಹೊಡ್ದಾಟ ಕಾಂಬುಕ್ ಆತಿಲ್ಲೆ. ಈ ಶನಿವಾರದ್ ವರಿಗ್ ನೋಡ್ತೆ. ಮತ್ತೊಂದ್ಸಲ ಮನಿಕಂಡ್ರೆ ಒಂದ್ನೇ ತಾರೀಕಿಗ್ ಬೇರೆ ಜನ."

ಇಲ್ಲಿ ನನ್ನ ಅಂಗಡಿಯ ಒಂದು ಕಾನೂನು ಹೇಳಬೇಕು. ನನ್ನ ಮೇಜಿನ ಮೇಲೆ ಹಳೆಯ ದಪ್ಪ ಮಾನಿಟರು ಇತ್ತು, ಗಾಜಿನ ಟ್ಯೂಬಿನದು. ಅಂಥ ಟ್ಯೂಬಿನ ಹತ್ತಿರ ಅಯಸ್ಕಾಂತ ತಂದರೆ ಬಣ್ಣ ಕೆಡುತ್ತದೆ. ಟಿವಿಯ ಮೇಲೆ ಸ್ಪೀಕರ್ ಇಟ್ಟು ಮುಖಗಳೆಲ್ಲ ಹಸಿರಾಗಿ ತಂದವರಿಗೆ ಹತ್ತು ವರ್ಷ ಬೈದವಳು ನಾನು. ಶೇಖರಣ್ಣ ಪದಕ ಹಾಕಿಕೊಂಡು ಮೊದಲ ಸಲ ಒಳಗೆ ಬಂದ ದಿನವೇ ಕೈ ಅಡ್ಡ ಹಿಡಿದು, "ಅದ್ ಹಾಕಂಡ್ ಒಳ್ಗ್ ಬಪ್ಪುಕಿಲ್ಲೆ" ಎಂದಿದ್ದೆ. ತೆಗೆಯಬಾರದ ಪದಕ. ಹಾಗಾಗಿ ಅವನು ಯಾವತ್ತೂ ಹೊಸ್ತಿಲ ಆಚೆಯೇ ನಿಂತು, ಹಳೆಯ ಟ್ರಿಪ್ ಶೀಟಿನ ಹಿಂಬದಿಯಲ್ಲಿ ಬರೆದು ತೋರಿಸುತ್ತಿದ್ದ. ನನ್ನ ಮಾನಿಟರಿನ ಬಣ್ಣ ಚೆನ್ನಾಗಿಯೇ ಉಳಿಯಿತು.

ಗುರುವಾರ ನನಗೆ ಬುದ್ಧಿ ಬಂತು. ಲಿನಕ್ಸ್ ತನಗೆ ಆದದ್ದನ್ನೆಲ್ಲ ಒಂದು ಕಡತದಲ್ಲಿ ಬರೆದಿಡುತ್ತದೆ, ಗಂಟೆ ನಿಮಿಷ ಸಮೇತ. ಆ ವಿಷಯದಲ್ಲಿ ಅದು ಶೇಖರಣ್ಣನ ಜಾತಿಯದೇ. ಮೊದಲೇ ನೋಡಬೇಕಿತ್ತು, ನೋಡಿರಲಿಲ್ಲ, ಏಕೆಂದರೆ ನನಗೆ ಗೊತ್ತಿದೆ ಎಂಬ ಅಹಂಕಾರ. ತೆರೆದು ನೋಡಿದರೆ ಪ್ರತಿ ಸಲ ಮಲಗುವ ಮೊದಲು ಒಂದೇ ಸಾಲು: ಮುಚ್ಚಳ ಮುಚ್ಚಲಾಗಿದೆ.

ಸಿಟ್ಟು ನೆತ್ತಿಗೇರಿತು. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಮಲಗುತ್ತದೆ, ಅದು ಅದರ ಸ್ವಭಾವ. ಹಾಗೆ ಮಲಗಬೇಡ ಎಂದು ಹೇಳೋಣವೆಂದರೆ ಪಟ್ಟಿಯಲ್ಲಿ ಇದ್ದದ್ದು ಎರಡೇ ಆಯ್ಕೆ: ಮಲಗು, ಇಲ್ಲವೇ ಪರದೆ ಆರಿಸು. ಏನೂ ಮಾಡಬೇಡ ಎಂಬುದು ಇರಲಿಲ್ಲ. ಪರದೆ ಒಮ್ಮೆ ಆರಿದರೆ ಈ ಮಿಷನ್ನಿನಲ್ಲಿ ಮತ್ತೆ ಹೊತ್ತುವುದೂ ಇಲ್ಲ. ಅದೆಲ್ಲ ಇರಲಿ, ಬಿಸಿಲಿಗೆ ಬೇಸತ್ತು ಇವನು ಮುಚ್ಚಳ ಹಾಕುತ್ತಾನೆ, ಕೇಳಿದರೆ ಗೊತ್ತಿಲ್ಲ ಎನ್ನುತ್ತಾನೆ ಎಂದುಕೊಂಡು ನೇರ ಟೇಬಲಿಗೆ ಹೋದೆ.

"ಶೇಖರಣ್ಣ, ಮುಚ್ಚಳ ಮುಚ್ಚುದ್ ನೀವೇ. ನಿಮ್ಗ್ ಈ ಮಿಷನ್ ಬ್ಯಾಡ ಅಂದ್ರೆ ಸೀದಾ ಹೇಳಿ. ಮಿಷನ್ ಸುಳ್ಳ್ ಹೇಳುದಿಲ್ಲೆ."

ನಾಲ್ಕು ಜನರ ಎದುರು ಹೇಳಿದೆ. ಶೇಖರಣ್ಣ ಟ್ರಿಪ್ ಶೀಟ್ ತಿರುಗಿಸಿ ಬರೆದ: 'ನಾನೂ ಹೇಳುದಿಲ್ಲೆ.'

ಅದನ್ನು ನನ್ನ ಕೈಗೆ ಕೊಡಲಿಲ್ಲ, ಟೇಬಲಿನ ಮೇಲೆ ಇಟ್ಟು ಬೈಂದೂರು ಬಸ್ಸಿನ ಕಡೆ ತಿರುಗಿದ. ಸ್ವರ ಇದ್ದಾಗ ಅವನು ನನ್ನ ಹತ್ತಿರ ಎಷ್ಟೋ ಸಲ ಜಗಳ ಆಡಿದ್ದಾನೆ. ಆಗ ನನಗೆ ಇಷ್ಟು ಕಷ್ಟವಾಗಿರಲಿಲ್ಲ.

ಶುಕ್ರವಾರ ಮೂರೂವರೆಗೆ ಅಂಗಡಿಗೆ ಬೀಗ ಹಾಕಿ, ಸ್ಟೂಲು ತಂದು ಟೇಬಲಿನ ಪಕ್ಕ ಕೂತೆ. ಅವನು ನನ್ನನ್ನು ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ, ಮುಚ್ಚಳವನ್ನೇ ನೋಡುತ್ತಿದ್ದೆ. ಮೂರೂ ಐವತ್ತಕ್ಕೆ ಶಿರೂರು ಹೋಯಿತು, ನಾಲ್ಕಕ್ಕೆ ಬ್ರಹ್ಮಾವರ. ಬಿಸಿಲು ತಗಡು ದಾಟಿ ಪರದೆಗೆ ಬಿತ್ತು. ಪರದೆಯಲ್ಲಿ ಏನೂ ಕಾಣದೆ ಶೇಖರಣ್ಣ ಒಂದು ಕೈ ಹಣೆಗೆ ಅಡ್ಡ ಹಿಡಿದು ಮುಂದಕ್ಕೆ ಬಾಗಿದ. ಕೊರಳಿನ ಪದಕ ಮುಂದಕ್ಕೆ ತೂಗಿ, ಕೀಲಿಗಳ ಎಡಬದಿಯ ಅಂಚಿಗೆ ಬಂದು ನಿಂತಿತು.

ಪರದೆ ಕಪ್ಪಾಯಿತು. ಮುಚ್ಚಳ ತೆರೆದೇ ಇತ್ತು.

ಮುಚ್ಚಳ ಮುಚ್ಚಿದೆ ಎಂದು ಲ್ಯಾಪ್‌ಟಾಪಿಗೆ ಗೊತ್ತಾಗುವುದು ಕಣ್ಣಿನಿಂದಲ್ಲ. ಮುಚ್ಚಳದಲ್ಲಿ ಒಂದು ಸಣ್ಣ ಅಯಸ್ಕಾಂತ, ಕೆಳಗೆ ಎಡಬದಿಯಲ್ಲಿ ಅದನ್ನು ಗುರುತಿಸುವ ಸಾಸಿವೆಯಷ್ಟು ದೊಡ್ಡ ಒಂದು ಸ್ವಿಚ್ಚು. ಅಯಸ್ಕಾಂತ ಹತ್ತಿರ ಬಂದರೆ ಮುಚ್ಚಿತು ಎಂದು ಲೆಕ್ಕ. ಯಾರ ಅಯಸ್ಕಾಂತ ಎಂದು ಅದು ಕೇಳುವುದಿಲ್ಲ. ಮಿಷನ್ ಸುಳ್ಳು ಹೇಳಿರಲಿಲ್ಲ, ಶೇಖರಣ್ಣನೂ ಹೇಳಿರಲಿಲ್ಲ. ಹೊಸ್ತಿಲಲ್ಲಿ ಕೈ ಅಡ್ಡ ಹಿಡಿದು ಪದಕವನ್ನು ಆಚೆಯೇ ನಿಲ್ಲಿಸಿ, ಒಳಗೆ ಕೂತು ದೋಷ ಹುಡುಕಿದ ಮಹಾ ಮೆಕ್ಯಾನಿಕ್ ಒಬ್ಬಳು ಇದ್ದಳು, ಅಷ್ಟೇ. ಅವಳಿಗೆ ಏನು ಹೇಳಬೇಕೋ ಅದನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡೆ.

"ತಪ್ಪಾಯ್ತ್ ಶೇಖರಣ್ಣ" ಎಂದೆ. ಜೀವಮಾನದಲ್ಲಿ ಈ ಮಾತನ್ನು ನಾನು ಹೆಚ್ಚು ಸಲ ಹೇಳಿಲ್ಲ, ಸ್ವಲ್ಪ ಗಟ್ಟಿಯಾಗಿಯೇ ಬಂತು.

ಕಿಟ್ಟ ಬಾಯಿಯಲ್ಲೇ ಕೂಗಿ ಬಸ್ಸು ಹೊರಡಿಸಿದ. ಶೆಟ್ಟರು ಆ ದಿನ ಉಡುಪಿಗೆ ಹೋಗಿದ್ದರು, ನಮ್ಮ ಪುಣ್ಯ. ಗಲಾಟೆ ತಣ್ಣಗಾದ ಮೇಲೆ ಶೇಖರಣ್ಣನಿಗೆ ಪದಕ ತೋರಿಸಿ, ಸ್ವಿಚ್ಚು ತೋರಿಸಿ, ವಿವರಿಸಿದೆ. ಅವನು ಪದಕವನ್ನು ಎರಡು ಬೆರಳಲ್ಲಿ ಹಿಡಿದು ಎಡಬದಿಗೆ ತಂದ, ತೆಗೆದ, ಮತ್ತೆ ತಂದ. ಅಂಗಿಯ ಒಳಗೆ ಹಾಕಿಕೊಳ್ಳಿ ಎಂದೆ. ಒಳಗೆ ಹಾಕಿದರೆ ಸರಪಳಿ ತೂತಿನ ಬಟ್ಟೆಗೆ ಉಜ್ಜಿ ಕೆಮ್ಮು ಬರುತ್ತದೆ ಎಂದು ಕೈಯಲ್ಲೇ ತೋರಿಸಿದ.

"ಹಂಗಾರೆ ಬಿಡಿ. ಅದ್ನ್ ನೀವ್ ತೆಗುದ್ ಬ್ಯಾಡ. ನಾನ್ ಲ್ಯಾಪ್‌ಟಾಪ್ ಬಿಚ್ಚಿ ಆ ಸ್ವಿಚ್ಚಿನ್ ತಂತಿ ಕೊಯ್ತೆ. ಐದ್ ನಿಮಿಷದ್ ಕೆಲ್ಸ. ಮತ್ತೆ ಮಿಷನ್ನಿಗ್ ಏನೂ ಗೊತ್ತಾತಿಲ್ಲೆ."

ನಿಜವಾಗಿ ಅದು ಒಳ್ಳೆಯ ಉಪಾಯ. ಸರೋಜಕ್ಕನ ಎರಡು ವಸ್ತುಗಳೂ ಉಳಿಯುತ್ತಿದ್ದವು. ಸ್ಕ್ರೂಡ್ರೈವರ್ ತರಲು ಎದ್ದೆ. ಶೇಖರಣ್ಣ ಕೈ ಎತ್ತಿ ತಡೆದ. ಟ್ರಿಪ್ ಶೀಟ್ ತಿರುಗಿಸಿದ. ಪೆನ್ನು ತೆಗೆದು ಬರೆದ:

'ಬ್ಯಾಡ ಗಿರಿಜ. ಅದ್ರ್ ಒಳ್ಗ್ ಕೊಯ್ಬೇಡ. ಕೊಯ್ದದ್ ಒಂದ್ ಸಾಕ್.'

ಆಮೇಲೆ ಎರಡೂ ಕೈಯಲ್ಲಿ ಸರಪಳಿಯನ್ನು ತಲೆಯ ಮೇಲಿಂದ ತೆಗೆದ. ಆರು ತಿಂಗಳಿಗೆ ಇನ್ನೂ ಐದು ತಿಂಗಳು ಬಾಕಿ ಇತ್ತು. ಪದಕವನ್ನು ನನ್ನ ಅಂಗೈಯಲ್ಲಿ ಇಟ್ಟು, ಬಿಳಿ ಬಟ್ಟೆಯನ್ನು ಸರಿ ಮಾಡಿಕೊಂಡು, ನಾಲ್ಕೂ ಇಪ್ಪತ್ತೈದರ ಬಾರ್ಕೂರು ಬಸ್ಸು ಬಂತೇ ಎಂದು ಕತ್ತೆತ್ತಿ ನೋಡಿದ. ಸ್ವರ ಮತ್ತೆ ಬರುತ್ತದೆಂದು ಅವನು ನಂಬಿದ್ದನೋ, ತಂಗಿಗಾಗಿ ಹಾಕಿಕೊಂಡಿದ್ದನೋ ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ. ಅಂಗಡಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಯಾರೋ ಮೊಬೈಲ್ ಚಾರ್ಜರ್ ಕೇಳಿಕೊಂಡು ಬಂದು ಬಾಗಿಲು ಬಡಿದ. ಅವನಿಗೂ ಬೈದೆ.

ಶನಿವಾರ ಮೂರೂ ಮುಕ್ಕಾಲಿಗೆ ಶೆಟ್ಟರು ಬಂದು ಟೇಬಲಿನ ಎದುರು ನಿಂತರು, ಕೈಗಡಿಯಾರ ನೋಡುತ್ತ. ಶಿರೂರು ಹೋಯಿತು. ಬ್ರಹ್ಮಾವರ ಹೋಯಿತು. ಬಿಸಿಲು ಬಂತು, ಶೇಖರಣ್ಣ ಬಾಗಿದ. ಪರದೆ ಬೆಳಗಿಕೊಂಡೇ ಇತ್ತು.

ನಾಲ್ಕು ಎಂಟಕ್ಕೆ ನನ್ನ ಮೊಬೈಲ್ ಬಡಿಯಿತು. ಸರೋಜಕ್ಕ. ಆಪರೇಷನ್ ಆದ ಮೇಲೆ ಆ ಹೊತ್ತಿಗೆ ಅವಳು ಒಮ್ಮೆಯೂ ಫೋನ್ ಮಾಡಿರಲಿಲ್ಲ.

"ಗಿರಿಜ, ಮಿಷನ್ ಕೂಗುತ್ ಅಂಬ್ರಲೆ, ಒಂಚೂರ್ ಹಿಡಿ ಕಾಂಬ. ಮತ್ತೆ, ಅಣ್ಣ ಆ ಮಾಲಿ ಹಾಕಂಡಿದ್ನಾ?"

ನನ್ನ ಬಾಯಿ ದೊಡ್ಡದೆಂದು ಊರಿಗೇ ಗೊತ್ತು. ಆದರೆ ಆ ಪದಕದ ಮಾತು ಅಣ್ಣನೇ ಹೇಳಬೇಕಾದದ್ದು. ಮೊಬೈಲ್ ಹಿಡಿದುಕೊಂಡು ಟೇಬಲಿಗೆ ಹೋಗಿ, "ಸರೋಜಕ್ಕ. ಮಾಲಿ ಹಾಕಂಡಿದ್ರಾ ಅಂದ್ ಕೇಂತ್ರ್" ಎಂದೆ.

ಶೇಖರಣ್ಣ ತಾಳು ಎಂದು ಕೈ ತೋರಿಸಿ ಮೊದಲು ಗಡಿಯಾರ ನೋಡಿದ. ಸರಿಯಾದ ಹೊತ್ತಿಗೆ ವಂಡ್ಸೆಯ ಕೀಲಿ ಒತ್ತಿದ. "ತಲ್ಲೂರು, ಹೆಮ್ಮಾಡಿ, ವಂಡೂಸೇ" ಎಂದು ಹಾರ್ನು ಶುರು ಮಾಡಿ ಕೊಲ್ಲೂರಿಗೆ ಮುಟ್ಟಿಸಿತು. ಜನ ಹತ್ತಿದರು. ನಾಲ್ಕು ಹತ್ತು. ಕಿಟ್ಟ ಸೀಟಿಯನ್ನು ಬಾಯಿಗಿಟ್ಟುಕೊಂಡು ಟೇಬಲಿನ ಕಡೆ ನೋಡಿದ. ಶೇಖರಣ್ಣ ಪುಸ್ತಕ ಎತ್ತಿಕೊಳ್ಳಲಿಲ್ಲ. ಒಂದು ಬೆರಳಿನಲ್ಲಿ, ಅಕ್ಷರ ಹುಡುಕುತ್ತ, ಟೈಪ್ ಮಾಡತೊಡಗಿದ. ಕಿಟ್ಟ ಸೀಟಿಯನ್ನು ಬಾಯಿಯಿಂದ ತೆಗೆದ. ಹಿಂದಿನ ಬಸ್ಸಿನವನು ಹಾರ್ನ್ ಒತ್ತಲು ಹೋಗಿ, ಶೆಟ್ಟರನ್ನು ನೋಡಿ ಬಿಟ್ಟ. ಆಂಪ್ಲಿಫಯರ್ ಹಚ್ಚಿಯೇ ಇತ್ತು. ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ, ಮೂಗು ಕಟ್ಟಿದ ಆ ಸ್ವರ ಹೇಳಿತು:

"ಸರ್ಓಜ. ಮಾಲಿ ತೆಗ್ದೆ. ಇನ್ ನನ್ ಸ್ವರ ಇದೇ. ನಿಂದ್ ಊಟ ಆಯ್ತಾ?"

ಹಾರ್ನಿನ ಕಡೆ ಚಾಚಿ ಹಿಡಿದಿದ್ದ ಮೊಬೈಲನ್ನು ನಾನು ಕಿವಿಗೆ ಹಿಡಿದೆ. ಆಚೆ ಹೋಟೆಲಿನ ಪಾತ್ರೆಗಳ ಸದ್ದು ಕೇಳುತ್ತಿತ್ತು. ಆಮೇಲೆ ಸರೋಜಕ್ಕ, ನನ್ನ ಹತ್ತಿರವಲ್ಲ, "ಆಯ್ತ್ ಅಣ್ಣ" ಎಂದಳು. "ವಂಡ್ಸೆ ಅಂದ್ ಸಮಾ ಹೇಳುಕ್ ಕಲ್ಸ್ ಅದ್ಕೆ" ಎಂದಳು. ನಾನು ಅದನ್ನು ಹಾಗೆಯೇ ಅವನಿಗೆ ಹೇಳಿದೆ. ಶೇಖರಣ್ಣ ನಕ್ಕ, ಸದ್ದಿಲ್ಲದೆ, ಬಿಳಿ ಬಟ್ಟೆ ಅಲ್ಲಾಡುವ ಹಾಗೆ.

ಕಿಟ್ಟ ಸೀಟಿ ಊದಿದ. ಬಸ್ಸು ಹೊರಟಾಗ ಸ್ಟ್ಯಾಂಡಿನ ಗಡಿಯಾರದಲ್ಲಿ ನಾಲ್ಕು ಹನ್ನೊಂದು ಆಗಿ ಮುಳ್ಳು ಮುಂದೆ ಸರಿದಿತ್ತು. ಶೆಟ್ಟರು ತಮ್ಮ ಕೈಗಡಿಯಾರ ನೋಡಿದರು, ಶೇಖರಣ್ಣನನ್ನು ನೋಡಿದರು, ಆಮೇಲೆ ಬಸ್ಸು ಹೋದ ರಸ್ತೆಯನ್ನು ನೋಡುತ್ತ, "ಸೋಮವಾರ ಹಾರ್ನ್ ಒಂಚೂರ್ ಮೇಲ್ಗ್ ಕಟ್ಸ್ವ" ಎಂದು ಹೊರಟುಹೋದರು.

ಪದಕ ಈಗ ನನ್ನ ಅಂಗಡಿಯಲ್ಲಿದೆ. ಆ ದಪ್ಪ ಮಾನಿಟರು ಹೋಗಿ ತೆಳ್ಳಗಿನದು ಬಂದ ಮೇಲೆ ಅದನ್ನು ಮೇಜಿನ ಮೇಲೆಯೇ ಇಟ್ಟಿದ್ದೇನೆ, ಸಣ್ಣ ಸ್ಕ್ರೂಗಳು ಕಳೆದುಹೋಗದ ಹಾಗೆ ಹಿಡಿದುಕೊಳ್ಳುತ್ತದೆ.

ಆ ಶನಿವಾರ ಬಸ್ಸು ಹೋದ ಮೇಲೆ ಶೇಖರಣ್ಣ ಪುಸ್ತಕ ತೆರೆದ. ನಾನು ಪಕ್ಕದಲ್ಲೇ ನಿಂತಿದ್ದೆ. ತಂಗಿಯ ದಿಬ್ಬಣಕ್ಕೂ ಎರಡು ನಿಮಿಷ ಬಿಟ್ಟುಕೊಡದಿದ್ದ ಮನುಷ್ಯ ಪೆನ್ನಿನ ಮುಚ್ಚಳ ತೆಗೆದು, ಗಡಿಯಾರದ ಕಡೆ ನೋಡದೆ, ವಂಡ್ಸೆಯ ಎದುರು ನಾಲ್ಕು ಹತ್ತು ಎಂದು ಬರೆದ.